ಪದಚರ್ಚೆ: ‘ಕೃಪೆಗೆ ಪಾತ್ರರಾಗಿರಿ’ ಎನ್ನುವಾಗ ‘ಪಾತ್ರ’ದ ಅರ್ಥವೇನು?

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ಸಿಂಧನೂರಿನವಳು. ಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದ ಮೇಲೆ ನಮ್ಮ ಕ್ರೈಸ್ತ ಸಭೆಯ ಕರಪತ್ರ, ಆಮಂತ್ರಣ, ಹಾಡಿನ ಹಾಳೆಗಳ ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಈ ಸಲ ಉಜ್ಜೀವನ ಕೂಟಕ್ಕೆ, ಅಂದರೆ ನಂಬಿಕೆಗೆ ಹೊಸ ಚೇತನ ತುಂಬುವ ಸಭಾಕೂಟಕ್ಕೆ, ಅಚ್ಚು ಹಾಕಿಸಿದ ಆಮಂತ್ರಣದ ಕೊನೆಯ ಸಾಲು ಹೀಗಿತ್ತು: ‘ಸರ್ವರೂ ಕುಟುಂಬ ಸಮೇತರಾಗಿ ಆಗಮಿಸಿ ದೇವರ ಕೃಪೆಗೆ ಪಾತ್ರರಾಗಬೇಕೆಂದು ವಿನಂತಿ.’ ಕರಡನ್ನು ನಾನೇ ಎರಡು ಸಲ ಓದಿದ್ದೆ. ಕಾಗುಣಿತದ ತಪ್ಪು ಇರಲಿಲ್ಲ. ಕಣ್ಣು ಎಲ್ಲಿಯೂ ತಡೆದು ನಿಲ್ಲಲಿಲ್ಲ.

ತಡೆದು ನಿಲ್ಲಿಸಿದವರು ನಮ್ಮ ಓಣಿಯ ಹಿರಿಯ ಹೆಣ್ಣುಮಗಳೊಬ್ಬರು. ಓದು ಬಾರದವರು. ಭತ್ತದ ಗದ್ದೆಗಳಲ್ಲಿ ನಾಟಿ ಹಚ್ಚಿ, ಕಳೆ ಕಿತ್ತು ಮಕ್ಕಳನ್ನು ಸಾಕಿದವರು. ಮೊಮ್ಮಗಳಿಂದ ಆ ಸಾಲನ್ನು ಓದಿಸಿ ಕೇಳಿದ ಅವರು ನನ್ನ ಕಡೆ ತಿರುಗಿ, ‘ಅಕ್ಕನವರೇ, ನಾನು ಪಾತ್ರಳಾಗಬೇಕಾದರೆ ಏನು ಮಾಡಬೇಕು?’ ಎಂದು ಕೇಳಿದರು.

ಅವರು ಬೋಧನೆಯನ್ನು ಪ್ರಶ್ನಿಸಿರಲಿಲ್ಲ. ವಾಕ್ಯ ಏನು ಹೇಳಿತ್ತೋ ಅದನ್ನೇ ಕೇಳಿಸಿಕೊಂಡಿದ್ದರು. ಆ ಕೂಟದಲ್ಲಿ ಮೂರು ದಿನ ಸಾರಬೇಕಾಗಿದ್ದ ಮಾತು ಒಂದೇ: ರಕ್ಷಣೆಯನ್ನು, ಅಂದರೆ ಪಾಪದಿಂದ ಬಿಡುಗಡೆಯನ್ನು, ಯಾರೂ ದುಡಿದು ಪಡೆಯಲಾರರು, ದೇವರು ಅದನ್ನು ಕೃಪೆಯಿಂದ ಕೊಡುತ್ತಾನೆ, ಮನುಷ್ಯನು ನಂಬಿಕೆಯಿಂದ ತೆಗೆದುಕೊಳ್ಳುತ್ತಾನೆ. ಹಾಗೆ ಸಾರಲಿಕ್ಕೆ ಜನರನ್ನು ಕರೆದ ಆಮಂತ್ರಣವೇ ಅವರ ಕಿವಿಗೆ ‘ಮೊದಲು ಯೋಗ್ಯಳಾಗು, ಆಮೇಲೆ ಬಾ’ ಎಂದು ಕೇಳಿಸಿತ್ತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅಂದಿನಿಂದ ಈ ಒಂದು ಪದದ ಬೆನ್ನು ಹತ್ತಿದ್ದೇನೆ. ಕಂಡುಕೊಂಡಷ್ಟನ್ನು ಮುಂದಿಡುತ್ತೇನೆ, ತಿಳಿದವರು ತಿದ್ದಬೇಕು.

ಮೊದಲು ಈ ನುಡಿಗಟ್ಟು ನಮಗೆ ಎಲ್ಲಿಂದ ಬಂತು ಎಂಬುದು. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಜಾತ್ರೆಯ ಕರಪತ್ರಗಳನ್ನು ಓದಿದವರಿಗೆಲ್ಲ ‘ತನು, ಮನ, ಧನದಿಂದ ಸೇವೆ ಸಲ್ಲಿಸಿ ಸ್ವಾಮಿಯ ಕೃಪೆಗೆ ಪಾತ್ರರಾಗಬೇಕು’ ಎಂಬ ಸಾಲು ಬಾಯಿಪಾಠ. ಆ ಸಾಲು ತನ್ನ ಜಾಗದಲ್ಲಿ ಅಚ್ಚುಕಟ್ಟಾಗಿದೆ. ಮೊದಲು ಸೇವೆ, ಅದರ ಬೆನ್ನಿಗೆ ಪಾತ್ರತೆ. ‘ಸಲ್ಲಿಸಿ’ ಎಂಬ ಕ್ರಿಯೆಯೇ ‘ಪಾತ್ರರಾಗು’ವುದಕ್ಕೆ ಕಾರಣ. ನಮ್ಮ ಆಮಂತ್ರಣದಲ್ಲಿ ಸೇವೆಯ ಮಾತನ್ನು ತೆಗೆದು ‘ಆಗಮಿಸಿ’ ಎಂದು ಹಾಕಿದ್ದೆವು, ಚೌಕಟ್ಟನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದೆವು. ಬಂದು ಕುಳಿತರೆ ಅದೇ ಸೇವೆ, ಅದೇ ಅರ್ಹತೆ ಎಂಬ ಧ್ವನಿ ತಾನಾಗಿಯೇ ಹುಟ್ಟಿಕೊಂಡಿತು.

ಇನ್ನು ‘ಪಾತ್ರ’. ಸಂಸ್ಕೃತದ ಈ ಶಬ್ದ ಹುಟ್ಟಿದ್ದು ಕುಡಿಯುವುದು ಎಂಬ ಅರ್ಥದ ‘ಪಾ’ ಧಾತುವಿನಿಂದ. ಮೊದಲ ಅರ್ಥ ಕುಡಿಯುವ ಬಟ್ಟಲು. ಅಲ್ಲಿಂದ ಏನನ್ನಾದರೂ ಹಿಡಿದಿಟ್ಟುಕೊಳ್ಳುವ ಯಾವುದೇ ಸಾಮಾನು, ಅಲ್ಲಿಂದ ಕೊಟ್ಟದ್ದನ್ನು ತೆಗೆದುಕೊಳ್ಳುವ ವ್ಯಕ್ತಿ, ಕೊನೆಗೆ ಕೊಡುವುದಕ್ಕೆ ತಕ್ಕ ವ್ಯಕ್ತಿ. ಕನ್ನಡದಲ್ಲಿ ಈ ಅರ್ಥಗಳು ಬೇರೆ ಬೇರೆ ಮನೆ ಮಾಡಿಕೊಂಡಿವೆ. ಅಡುಗೆಮನೆಯದು ‘ಪಾತ್ರೆ’ಯಾಯಿತು. ಬಯಲಾಟದ ವೇಷ ‘ಪಾತ್ರ’ವಾಗಿ ಉಳಿಯಿತು. ತಕ್ಕವನು ಎಂಬರ್ಥ ‘ಗೌರವಕ್ಕೆ ಪಾತ್ರ’, ‘ಮೆಚ್ಚುಗೆಗೆ ಪಾತ್ರ’ ಎಂಬ ಜೋಡಿಗಳಲ್ಲಿ ಸೇರಿಕೊಂಡಿತು. ಅದರ ವಿರುದ್ಧ ಪದವಾದ ‘ಅಪಾತ್ರ’ ಇಂದು ಹೆಚ್ಚಾಗಿ ಉಳಿದಿರುವುದು ‘ಅಪಾತ್ರದಾನ’ ಎಂಬ ಬೈಗುಳದಂಥ ಸಮಾಸದಲ್ಲಿ.

ಆದರೆ ನಮ್ಮ ಕಡೆ ದಿನಬಳಕೆಯಲ್ಲಿರುವ ಇನ್ನೊಂದು ‘ಪಾತ್ರ’ವನ್ನು ಮರೆಯಬಾರದು. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯ ತುಂಬಿ, ಅದರ 33 ಗೇಟುಗಳಲ್ಲಿ ಕೆಲವನ್ನು ಎತ್ತಿದಾಗ ಪತ್ರಿಕೆಗಳಲ್ಲಿ ‘ನದಿಪಾತ್ರದ ಗ್ರಾಮಗಳ ಜನರು ಎಚ್ಚರಿಕೆಯಿಂದಿರಬೇಕು’ ಎಂದು ಬರುತ್ತದೆ. ಇಲ್ಲಿ ಪಾತ್ರವೆಂದರೆ ನೀರು ಹರಿಯುವ ತಗ್ಗು. ನೀರಿಗೆ ತಕ್ಕವನಾಗಲು ನದಿಪಾತ್ರ ಏನನ್ನೂ ಮಾಡಿಲ್ಲ. ಬೇಸಿಗೆಯಿಡೀ ಬಂಡೆ, ಮರಳು, ಮುಳ್ಳುಕಂಟಿಯಾಗಿ ಒಣಗಿ ಬಿದ್ದಿತ್ತು. ನೀರು ಬಂತು, ತುಂಬಿತು. ‘ಕೃಪೆಗೆ ಪಾತ್ರ’ ಎನ್ನುವಾಗ ಈ ಪಾತ್ರವೇ ನಮ್ಮ ಕಿವಿಗೆ ಬಿದ್ದಿದ್ದರೆ ನಾನು ಈ ಪತ್ರ ಬರೆಯುತ್ತಲೇ ಇರಲಿಲ್ಲ.

ಅದು ಏಕೆ ಬೀಳುವುದಿಲ್ಲ? ನನಗೆ ತೋಚಿದ ಕಾರಣ ವ್ಯಾಕರಣದ್ದು. ಸಂಸ್ಕೃತದಲ್ಲಿ ‘ಪಾತ್ರಮ್’ ನಪುಂಸಕಲಿಂಗ. ಒಬ್ಬ ಮನುಷ್ಯನನ್ನು ಕುರಿತು ‘ಕೃಪಾಪಾತ್ರಮ್’ ಎಂದಾಗಲೂ ಅದು ನಪುಂಸಕವಾಗಿಯೇ ನಿಲ್ಲುತ್ತದೆ, ಆದ್ದರಿಂದ ಬಟ್ಟಲಿನ ನೆನಪು ಅಲ್ಲಿ ಅಳಿಯುವುದಿಲ್ಲ. ಕನ್ನಡ ಅದಕ್ಕೆ ಮನುಷ್ಯರ ಪ್ರತ್ಯಯ ಹಚ್ಚಿ ‘ಪಾತ್ರನು, ಪಾತ್ರಳು, ಪಾತ್ರರು’ ಎಂದಿತು. ಬಟ್ಟಲಿಗೆ ‘-ರು’ ಹಚ್ಚಲಾಗದು. ಹಚ್ಚಿದ ಗಳಿಗೆಯಲ್ಲೇ ಬಟ್ಟಲು ಹೋಗಿ ಅರ್ಹತೆಯುಳ್ಳ ವ್ಯಕ್ತಿ ಎದ್ದು ನಿಲ್ಲುತ್ತಾನೆ. ಇದರ ಮೇಲೆ ‘ಆಗಬೇಕು’ ಎಂಬ ವಿಧಿ ಬಿದ್ದರೆ ಮುಗಿಯಿತು, ಆಗುವ ಹೊಣೆ ಕೇಳುವವನ ಹೆಗಲಿಗೆ ಬರುತ್ತದೆ.

ಬೈಬಲಿನಲ್ಲಿ ಅಪೊಸ್ತಲ ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದ ಎಂಟನೆಯ ವಾಕ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕನ್ನಡ ಸತ್ಯವೇದದಲ್ಲಿ ‘ನಂಬಿಕೆಯ ಮೂಲಕ ಕೃಪೆಯಿಂದಲೇ ರಕ್ಷಣೆ ಹೊಂದಿದವರಾಗಿದ್ದೀರಿ’ ಎಂದಿದೆ. ಎಷ್ಟು ಎಚ್ಚರದ ಕನ್ನಡ! ಗ್ರೀಕ್ ಮೂಲದ ಕ್ರಿಯಾರೂಪ ಮುಗಿದುಹೋದ, ಆದರೆ ಅದರ ಫಲ ಇನ್ನೂ ಉಳಿದಿರುವ ಕೆಲಸವನ್ನು ಸೂಚಿಸುತ್ತದೆ, ಅದೂ ಕರ್ಮಣಿಯಲ್ಲಿ. ‘ಹೊಂದಿದವರಾಗಿದ್ದೀರಿ’ ಎಂಬ ಉದ್ದನೆಯ ರೂಪ ಅದನ್ನು ಹಿಡಿದಿಟ್ಟಿದೆ. ‘ಆಗಿರಿ’ ಎಂಬ ಅಪ್ಪಣೆ ಇಲ್ಲಿಲ್ಲ, ‘ಆಗಿದ್ದೀರಿ’ ಎಂಬ ಸುದ್ದಿ ಇದೆ. ಕನ್ನಡದಲ್ಲಿ ಪುಣ್ಯವನ್ನು ಗಳಿಸುತ್ತೇವೆ, ಕಟ್ಟಿಕೊಳ್ಳುತ್ತೇವೆ. ‘ರಕ್ಷಣೆ ಗಳಿಸಿದ’ ಎಂದು ಯಾರೂ ಹೇಳುವುದಿಲ್ಲ. ‘ಹೊಂದು’ ಎಂಬ ಕ್ರಿಯಾಪದವನ್ನು ಆರಿಸಿದವರಿಗೆ ನಾನು ಮನಸ್ಸಿನಲ್ಲಿ ಕೈಮುಗಿಯುತ್ತೇನೆ.

‘ಮೂಲಕ’ ಮತ್ತು ‘ಇಂದ’ಗಳ ಹಂಚಿಕೆಯೂ ಸುಮ್ಮನೆ ಬಂದದ್ದಲ್ಲ. ಗ್ರೀಕಿನಲ್ಲಿ ಕೃಪೆಗೆ ಒಂದು ವಿಭಕ್ತಿ, ನಂಬಿಕೆಗೆ ‘ದಿಯಾ’ ಎಂಬ ಉಪಸರ್ಗ, ಅಂದರೆ ‘ಅದರ ಹಾದಿಯಾಗಿ’. ನಮ್ಮ ‘ಇಂದ’ ಕಾರಣಕ್ಕೂ ಬರುತ್ತದೆ, ಸಾಧನಕ್ಕೂ ಬರುತ್ತದೆ. ಮಳೆಯಿಂದ ಬೆಳೆ, ಕುಡುಗೋಲಿನಿಂದ ಕೊಯ್ಲು. ಆದ್ದರಿಂದ ‘ನಂಬಿಕೆಯಿಂದ ರಕ್ಷಣೆ’ ಎಂದಷ್ಟೇ ಹೇಳಿದರೆ ನಂಬಿಕೆಯೇ ಮಳೆಯಾಗಿಬಿಡುವ ಅಪಾಯವಿದೆ. ನಂಬಿಕೆ ಗಟ್ಟಿ ಇದ್ದವನಿಗೆ ಹೆಚ್ಚು ಫಲ, ಸಡಿಲ ಇದ್ದವನಿಗೆ ಕಡಿಮೆ ಎಂಬ ಲೆಕ್ಕ ಶುರುವಾಗುತ್ತದೆ. ಬೋಧಕರು ಇದನ್ನು ಬಿಡಿಸಲು ಕಾಲುವೆಯ ಹೋಲಿಕೆ ಕೊಡುತ್ತಾರೆ: ನೀರು ಜಲಾಶಯದ್ದು, ಕಾಲುವೆ ಬರೀ ಹಾದಿ. ಎಡದಂಡೆ ಕಾಲುವೆಯ ನೀರಿನಲ್ಲಿ ಬದುಕುವ ನಮಗೆ ಅದು ಬೇಗ ತಿಳಿಯುತ್ತದೆ, ನಿಜ. ಆದರೂ ನನಗೆ ಅದು ಪೂರ್ತಿ ಒಪ್ಪಿಗೆಯಾಗಿಲ್ಲ. ಕಾಲುವೆಯನ್ನು ಜನ ಬೆವರು ಸುರಿಸಿ ತೋಡಿದ್ದಾರೆ, ವರ್ಷವರ್ಷ ಹೂಳು ತೆಗೆಯಬೇಕು. ಅಲ್ಲಿಗೆ ನಂಬಿಕೆ ಮತ್ತೊಂದು ಕೂಲಿಯ ಕೆಲಸವಾಯಿತು. ನಂಬಿಕೆಗೆ ಹೆಚ್ಚು ಹತ್ತಿರದ್ದು ಬೊಗಸೆ. ವೈಶಾಖದ ಬಿಸಿಲಲ್ಲಿ ದಾರಿಹೋಕ ಬೊಗಸೆ ಒಡ್ಡುತ್ತಾನೆ, ಮನೆಯವರು ತಂಬಿಗೆಯಿಂದ ಮೇಲಿನಿಂದ ನೀರು ಹೊಯ್ಯುತ್ತಾರೆ. ದಾಹ ತೀರಿದ್ದು ಬೊಗಸೆಯ ಗುಣದಿಂದ ಎಂದು ಯಾರೂ ಹೇಳುವುದಿಲ್ಲ. ಬೊಗಸೆ ಇಲ್ಲದೆ ಕುಡಿಯಲಾಗಲಿಲ್ಲ ಎಂಬುದೂ ಸುಳ್ಳಲ್ಲ. ಕುಡಿಯುವ ಬಟ್ಟಲು ಎಂಬ ‘ಪಾತ್ರ’ದ ಮೊದಲ ಅರ್ಥ ಇಲ್ಲಿ ತಾನಾಗಿಯೇ ತಿರುಗಿ ಬರುತ್ತದೆ, ಅದನ್ನು ಗಮನಿಸಬೇಕು.

ಅದೇ ವಾಕ್ಯದ ಮುಂದಿನ ತುಂಡಿನಲ್ಲಿ ‘ಇದು ನಿಮ್ಮಿಂದಾದದ್ದಲ್ಲ’ ಎಂಬ ಮಾತಿದೆ. ಗ್ರೀಕಿನ ‘ಇದು’ ನಪುಂಸಕ, ಕೃಪೆ ಮತ್ತು ನಂಬಿಕೆ ಎರಡೂ ಅಲ್ಲಿ ಸ್ತ್ರೀಲಿಂಗ. ಹಾಗಾಗಿ ‘ಇದು’ ಇಡೀ ಸಂಗತಿಯನ್ನೇ ತೋರಿಸುತ್ತದೆ ಎಂದು ಹಲವರು ಓದುತ್ತಾರೆ. ಕನ್ನಡದಲ್ಲಿ ಭಾವನಾಮಗಳೆಲ್ಲ ನಪುಂಸಕವಾದ್ದರಿಂದ ಬರೀ ‘ಅದು’ ಎಂದರೆ ಯಾವುದಕ್ಕಾದರೂ ಅಂಟಿಕೊಳ್ಳುತ್ತಿತ್ತು. ಅನುವಾದಕರು ‘ಆ ರಕ್ಷಣೆಯು’ ಎಂದು ಬಿಡಿಸಿ ಬರೆದರು. ಒಂಬತ್ತನೆಯ ವಾಕ್ಯದಲ್ಲಿ ಮೂಲದ ಬರೀ ‘ಕೆಲಸಗಳು’ ಎಂಬ ಮಾತಿಗೆ ‘ಪುಣ್ಯಕ್ರಿಯೆಗಳು’ ಎಂದರು. ಇದು ಸೇರಿಸಿದ ಮಾತು, ಒಪ್ಪುತ್ತೇನೆ. ಹತ್ತನೆಯ ವಾಕ್ಯದಲ್ಲಿ ಅದೇ ಗ್ರೀಕ್ ಪದ ‘ಒಳ್ಳೆಯ’ ಎಂಬ ವಿಶೇಷಣದೊಡನೆ ಮರಳಿ ಬರುತ್ತದೆ. ಒಳ್ಳೆಯ ಕೆಲಸಗಳಿಂದ ರಕ್ಷಣೆ ಸಿಗದು, ರಕ್ಷಣೆ ಹೊಂದಿದವರು ಒಳ್ಳೆಯ ಕೆಲಸಗಳಿಗಾಗಿಯೇ ಉಂಟಾದವರು ಎಂಬ ಆ ಕೊಂಡಿ ಕನ್ನಡದಲ್ಲಿ ಸ್ವಲ್ಪ ಮಸುಕಾಗಿದೆ. ಆದರೂ ‘ಪುಣ್ಯ’ ಎಂಬ ಪದವನ್ನು ಹೆಸರು ಹಿಡಿದು ಕರೆಯದಿದ್ದರೆ ಕನ್ನಡದ ಓದುಗನಿಗೆ ಪೌಲನು ಯಾವುದನ್ನು ಕುರಿತು ಹೇಳುತ್ತಿದ್ದಾನೆಂಬುದೇ ತಟ್ಟುತ್ತಿರಲಿಲ್ಲ.

‘ಕೃಪೆಯಿಂದಲೇ’ ಎಂಬಲ್ಲಿನ ‘ಏ’ ಕೂಡ ಮೂಲದಲ್ಲಿಲ್ಲ. 1522ರ ಜರ್ಮನ್ ಹೊಸ ಒಡಂಬಡಿಕೆಯಲ್ಲಿ ಪ್ರೊಟೆಸ್ಟೆಂಟ್ ಸುಧಾರಣೆಯ ಮುಂದಾಳು ಲೂಥರನು ರೋಮಾಪುರದವರ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ‘ಮಾತ್ರ’ ಎಂಬ ಪದ ಸೇರಿಸಿದ್ದಕ್ಕೆ ದೊಡ್ಡ ವಾದವೇ ನಡೆಯಿತು. ನಮ್ಮ ಒಂದಕ್ಷರದ ‘ಏ’ ಅದಕ್ಕಿಂತ ಮೆತ್ತಗಿನದು. ಒತ್ತು ಎಂದೂ ಓದಬಹುದು, ‘ಮಾತ್ರ’ ಎಂದೂ ಓದಬಹುದು.

ಪದಗಳ ವಿಷಯದಲ್ಲಿ ನಮ್ಮ ಸೀಮೆಗೆ ಹಳೆಯ ಬಾಧ್ಯತೆಯೂ ಇದೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅಲ್ಲಿಯೇ ಕುಳಿತು ಬೈಬಲನ್ನು ಕನ್ನಡಕ್ಕೆ ತಿರುಗಿಸಿದರು. 1831ರ ಹೊತ್ತಿಗೆ ಇಡೀ ಗ್ರಂಥ ಕನ್ನಡದಲ್ಲಿ ಬಂತು. ಅವರ ಜೊತೆಗಾರ ವಿಲಿಯಂ ರೀವ್ ಕನ್ನಡ ನಿಘಂಟು ಕಟ್ಟಿದರು. ಇತ್ತ ಮುದಗಲ್ಲಿನಲ್ಲಿ ಅದಕ್ಕೂ ಬಹಳ ಹಿಂದಿನ ಕ್ಯಾಥೋಲಿಕ್ ನೆಲೆಯಿದೆ. ಕ್ಯಾಥೋಲಿಕರು ನಂಬಿಕೆಗೆ ವಿಶ್ವಾಸವೆಂದೂ ರಕ್ಷಣೆಗೆ ಜೀವೋದ್ಧಾರವೆಂದೂ ಕೃಪೆಗೆ ವರಪ್ರಸಾದವೆಂದೂ ಹೇಳುತ್ತಾರೆ. ‘ಪ್ರಸಾದ’ದಲ್ಲಿ ಯಾರೂ ಅರ್ಹತೆ ಕೇಳದೆ ಕೈಗೆ ಹಾಕುವ ಚಿತ್ರವಿದೆ, ಆ ಪದದ ಮೇಲೆ ನನಗೆ ಆಸೆಯೇ ಹುಟ್ಟಿದೆ. ಮಾನವಿಯ ಜಗನ್ನಾಥದಾಸರ ಹರಿಕಥಾಮೃತಸಾರ ಎಂಬ ಹರಿಭಕ್ತಿಯ ಕಾವ್ಯದಲ್ಲಿ ಮಂಗಳಾಚರಣೆಯ ಬೆನ್ನಿಗೇ ಬರುವುದು ಕರುಣಾಸಂಧಿ. ಸಿದ್ಧಾಂತ ಬೇರೆ, ಆ ಚರ್ಚೆ ಇಲ್ಲಿ ಬೇಡ. ದೇವರು ತಾನಾಗಿ ಇಳಿದು ಬರುವ ಮಾತಿಗೆ ಈ ನೆಲದ ಕನ್ನಡದಲ್ಲಿ ಬರಗಾಲವಿಲ್ಲ ಎಂದಷ್ಟೇ ನನ್ನ ಅಭಿಪ್ರಾಯ.

ಈಗ ‘ಅಪಾತ್ರದಾನ’ಕ್ಕೆ ಬರುತ್ತೇನೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ದೇಶ, ಕಾಲ, ಪಾತ್ರ ನೋಡಿ ಕೊಟ್ಟದ್ದನ್ನು ಸಾತ್ತ್ವಿಕ ದಾನವೆಂದೂ ಅಪಾತ್ರರಿಗೆ ಕೊಟ್ಟದ್ದನ್ನು ತಾಮಸವೆಂದೂ ಹೇಳುತ್ತದೆ. ಮನುಷ್ಯರು ಮನುಷ್ಯರಿಗೆ ಕೊಡುವಾಗ ಅದು ವಿವೇಕದ ಮಾತು. ಪೌಲನು ಹೇಳುವುದು ದೇವರು ಕೊಡುವುದನ್ನು ಕುರಿತು. ರೋಮಾಪುರದವರ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ದುಡಿದವನಿಗೆ ಬರುವುದು ಕೂಲಿ, ಅದು ಸಲ್ಲಬೇಕಾದ ಬಾಕಿ ಎನ್ನುತ್ತಾನೆ. ದೇವರಾದರೋ ಭಕ್ತಿಹೀನನನ್ನೇ ನೀತಿವಂತನೆಂದು ತೀರ್ಪು ಕೊಡುವವನು. ಐದನೆಯ ಅಧ್ಯಾಯದಲ್ಲಿ, ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗೋಸ್ಕರ ಸತ್ತನು ಎನ್ನುತ್ತಾನೆ. ಆರನೆಯ ಅಧ್ಯಾಯದ ಕೊನೆಯಲ್ಲಿ ಪಾಪ ಕೊಡುವುದು ‘ಸಂಬಳ’, ದೇವರು ಕೊಡುವುದು ‘ಉಚಿತಾರ್ಥ ವರ’, ಅಂದರೆ ಬೆಲೆಯಿಲ್ಲದೆ ಕೊಟ್ಟ ಕೊಡುಗೆ. ಕೂಲಿಯ ಲೆಕ್ಕ ಬಲ್ಲ ಆ ಹೆಣ್ಣುಮಗಳಿಗೆ ಈ ವಾಕ್ಯ ಓದಿ ಹೇಳಿದಾಗ ಅವರು ಅರೆಗಳಿಗೆಯಲ್ಲಿ ಹಿಡಿದರು. ‘ಹಾಗಾದರೆ ಪಾಪಕ್ಕೆ ಮಾತ್ರ ಪಗಾರ’ ಎಂದರು. ಕನ್ನಡದ ಮಾತಿನಲ್ಲೇ ಹೇಳುವುದಾದರೆ ಸುವಾರ್ತೆಯ ಕೃಪೆ ಎಂದರೆ ಅಪಾತ್ರದಾನ. ಹೀಗಿರುವಾಗ ಜನರನ್ನು ‘ಕೃಪೆಗೆ ಪಾತ್ರರಾಗಿರಿ’ ಎಂದು ಕರೆಯುವುದು ಹೇಗೆ?

ವಿರೋಧದ ವಾದವನ್ನೂ ಮುಚ್ಚಿಡುವುದಿಲ್ಲ. ಅದೇ ಪತ್ರಿಕೆಯ ಒಂಬತ್ತನೆಯ ಅಧ್ಯಾಯದಲ್ಲಿ, ಕುಂಬಾರ ಮತ್ತು ಮಣ್ಣಿನ ಹೋಲಿಕೆಯ ಜೊತೆಗೆ, ಮೂಲದಲ್ಲಿ ‘ಕರುಣೆಯ ಪಾತ್ರೆಗಳು’ ಎಂಬ ಅರ್ಥದ ಮಾತೇ ಇದೆ. ಪಾತ್ರವನ್ನು ಬಟ್ಟಲೆಂದು ಓದಿದರೆ ನಮ್ಮ ಆಮಂತ್ರಣ ಶಾಸ್ತ್ರಕ್ಕೆ ಒಪ್ಪುತ್ತದೆ ಎಂದು ನಮ್ಮ ಸಭೆಯ ಹಿರಿಯರೊಬ್ಬರು ವಾದಿಸಿದರು. ಆದರೆ ಅಲ್ಲಿ ಪಾತ್ರೆಯನ್ನು ಸಿದ್ಧಮಾಡುವವನು ದೇವರು. ಪಾತ್ರೆಗೆ ‘ನೀನು ಪಾತ್ರೆಯಾಗು’ ಎಂದು ಯಾವ ಕುಂಬಾರನೂ ಹೇಳುವುದಿಲ್ಲ.

ಬದಲಿ ಮಾತುಗಳನ್ನು ಹುಡುಕಿದೆ. ‘ಕೃಪೆಗೆ ಒಳಗಾಗಿರಿ’ ಎಂದರೆ ಕಾಯಿಲೆಗೆ, ಶಿಕ್ಷೆಗೆ ಒಳಗಾದಂತೆ ಕೇಳಿಸುತ್ತದೆ. ‘ಕೃಪೆಯನ್ನು ಸ್ವೀಕರಿಸಿರಿ’ ಎಂಬುದು ಮನವಿಪತ್ರ ಸ್ವೀಕರಿಸಿದ ಹಾಗೆ ತಣ್ಣಗಿದೆ. ‘ಕೃಪೆ ಹೊಂದಿರಿ’ ಸರಿ, ಆದರೆ ಆಮಂತ್ರಣದಲ್ಲಿ ಬೋಳಾಗಿ ಕಾಣುತ್ತದೆ. ಕೊನೆಗೆ ತೀತನಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯ ಕೈ ಹಿಡಿಯಿತು. ಅಲ್ಲಿ ವಾಕ್ಯದ ಕರ್ತೃಪದವೇ ಕೃಪೆ: ದೇವರ ಕೃಪೆ ಪ್ರತ್ಯಕ್ಷವಾಯಿತು. ಮನುಷ್ಯನು ಏನೋ ಆಗುವ ಗೋಜೇ ಅಲ್ಲಿಲ್ಲ. ಎರಡನೆಯ ಅಚ್ಚಿಗೆ ‘ದೇವರ ಕೃಪೆ ಪ್ರತ್ಯಕ್ಷವಾಗಿದೆ, ಎಲ್ಲರೂ ಬನ್ನಿರಿ’ ಎಂದು ಬರೆದು ಕೊಟ್ಟಿದ್ದೇನೆ. ಮುದ್ರಣಾಲಯದ ಹುಡುಗ ‘ವಿನಂತಿ ಎಂಬುದು ಬಿಟ್ಟುಹೋಗಿದೆ’ ಎಂದು ಫೋನ್ ಮಾಡಿದ್ದ. ಬಿಟ್ಟದ್ದೇ ಇರಲಿ ಎಂದೆ.

ಬಳಗದವರಲ್ಲಿ ನನ್ನ ಕೇಳಿಕೆ ಎರಡು. ‘ಪಾತ್ರ’ ಶಬ್ದವನ್ನು ಅರ್ಹತೆಯ ಸೋಂಕಿಲ್ಲದೆ, ಬರೀ ತುಂಬಿಸಿಕೊಳ್ಳುವುದು ಎಂಬರ್ಥದಲ್ಲಿ, ಮನುಷ್ಯರಿಗೆ ಬಳಸಿದ ಹಳಗನ್ನಡ ಅಥವಾ ನಡುಗನ್ನಡ ಪ್ರಯೋಗ ಯಾರ ಕಣ್ಣಿಗಾದರೂ ಬಿದ್ದಿದೆಯೇ? ಹಾಗೆಯೇ ಕೇಳದೆ, ದುಡಿಯದೆ, ತಕ್ಕವನಲ್ಲದಿದ್ದರೂ ಕೈಗೆ ಬಂದದ್ದನ್ನು ‘ಪಡೆದ’, ‘ಹೊಂದಿದ’ ಎನ್ನುವುದಕ್ಕಿಂತ ಬೆಚ್ಚಗೆ ಹೇಳುವ ಒಂದು ಕ್ರಿಯಾಪದ ನಿಮ್ಮ ಊರಿನ ಕನ್ನಡದಲ್ಲಿ ಇದ್ದರೆ ದಯವಿಟ್ಟು ತಿಳಿಸಿರಿ. ಹಾಡಿನ ಹಾಳೆ ಇನ್ನೂ ಅಚ್ಚಿಗೆ ಹೋಗಿಲ್ಲ.