ತೋಟದ ಮರದ ಕೆಳಗೆ ದೇವರಿಗೊಂದು ಜಾಗ: ಹೇಗೆ ಮಾಡುವುದು?

ಹಿತ್ತಲಗಿಡ:
ಎಲ್ಲರಿಗೂ ನಮಸ್ಕಾರ. ತೋಟದಲ್ಲಿ ಒಂದು ಹಳೇ ಮರ ಇದೆ, ಅದರ ಬುಡದಲ್ಲಿ ದೇವರಿಗೆ ಅಂತ ಪುಟ್ಟ ಜಾಗ ಮಾಡುವ ಆಸೆ. ಮರದ ಸುತ್ತ ಮಣ್ಣು ಏರಿಸಿ ಕಟ್ಟೆ, ಅದರ ಮೇಲೆ ಮರದ ಸಣ್ಣ ಮಂಟಪ, ಒಳಗೆ ಅಮೃತಶಿಲೆಯ ಮೂರ್ತಿ, ಮುಂದೆ ದೀಪ, ಪಕ್ಕದಲ್ಲಿ ಹೂವು ತೇಲಿಬಿಡಲು ನೀರಿನ ಬಟ್ಟಲು. ಇಷ್ಟು ತಲೆಯಲ್ಲಿದೆ. ನಾನು ಕೈ ಮುಗಿಯುವವಳು. ನಮ್ಮವರಿಗೆ ದೇವರು ದಿಂಡರು ಅಂದರೆ ಅಷ್ಟಕ್ಕಷ್ಟೆ, ಆದರೆ ಸಂಜೆ ಸುಮ್ನೆ ಕೂರಲು ಜಾಗ ಅವರಿಗೂ ಬೇಕು. ಇಬ್ಬರಿಗೂ ಒಗ್ಗುವ ಹಾಗೆ ಮಾಡುವುದು ಹೇಗೆ? ಮಳೆ ಬಿಸಿಲಿಗೆ ಇದೆಲ್ಲ ತಡೆಯುತ್ತಾ? ನೇರವಾಗಿ ಹೇಳಿ, ಬೇಜಾರಿಲ್ಲ.

ಬೇರುಬಿಳಲು:
ನೇರವಾಗಿಯೇ ಹೇಳುತ್ತೇನೆ ಮೇಡಂ, ಆ ಕಟ್ಟೆ ಬೇಡ. ಮರದ ಬೇರು ಆಳಕ್ಕೆ ಹೋಗಿರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ನೀರು ಗೊಬ್ಬರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಹರಡಿರುತ್ತವೆ, ಅವುಕ್ಕೂ ಗಾಳಿ ಬೇಕು. ಮೇಲೆ ಮಣ್ಣು ಸುರಿದು ಸಿಮೆಂಟ್ ಹಾಕಿದರೆ ಉಸಿರು ಕಟ್ಟುತ್ತದೆ, ಬುಡದ ತೊಗಟೆಗೆ ಸದಾ ತೇವ ತಾಗಿ ಕೊಳೆಯುತ್ತದೆ. ಮರ ತಕ್ಷಣ ಸಾಯುವುದಿಲ್ಲ, ಅದೇ ತೊಂದರೆ. ಕೆಲವು ವರ್ಷ ಕಳೆದು ತುದಿ ಕೊಂಬೆ ಒಣಗಲು ಶುರುವಾದಾಗ ಕಟ್ಟೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಕಾಂಡ ಅಗಲವಾಗಿ ಮಣ್ಣಿಗೆ ಇಳಿಯುವ ಜಾಗ ಇದೆಯಲ್ಲ, ಅದು ಯಾವಾಗಲೂ ಕಣ್ಣಿಗೆ ಕಾಣುತ್ತಿರಬೇಕು. ಕಾಂಡದಿಂದ ನಾಲ್ಕೈದು ಅಡಿ ಈಚೆ ಒಂದು ಚಪ್ಪಟೆ ಕಲ್ಲು ಇಡಿ, ಮರ ಹಿಂದೆ ನಿಂತಿರಲಿ, ಸಾಕು. ಕಾಂಡಕ್ಕೆ ಮೊಳೆ ಹೊಡೆಯಬೇಡಿ, ತಂತಿ ಸುತ್ತಿ ಬಿಡುವುದಂತೂ ಬೇಡವೇ ಬೇಡ. ಕಾಂಡ ದಪ್ಪವಾದ ಹಾಗೆ ತಂತಿ ಒಳಗೆ ಕಚ್ಚುತ್ತದೆ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ, ಆ ದಾರಿಯೇ ಮುಚ್ಚುತ್ತದೆ.

ಉಳಿಪೆಟ್ಟು:
ಅಮೃತಶಿಲೆ ಬಯಲಿಗೆ ಆಗುವ ಕಲ್ಲಲ್ಲ. ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಮಳೆನೀರಿನಲ್ಲಿರುವ ಅಲ್ಪ ಆಮ್ಲಕ್ಕೂ ಕರಗುತ್ತದೆ. ಮೊದಲು ಹೊಳಪು ಹೋಗುತ್ತದೆ, ಆಮೇಲೆ ಕಣ್ಣು, ತುಟಿ, ಬೆರಳಿನ ಗೆರೆಗಳು ಮಾಸುತ್ತವೆ. ನಿಂಬೆಹುಳಿ ಹಾಕಿ ತೊಳೆದರಂತೂ ಇನ್ನೂ ಬೇಗ. ಹೊರಗೇ ಇರಬೇಕು ಅಂದರೆ ಗ್ರಾನೈಟ್ ತಗೊಳ್ಳಿ. ಇಲ್ಲಾ, ಮೂರ್ತಿ ಮನೆಯೊಳಗೇ ಇರಲಿ, ಕೂರುವಾಗ ಕೈಯಲ್ಲಿ ಹಿಡಿದು ತಂದು ಕಲ್ಲಿನ ಮೇಲೆ ಇಟ್ಟುಕೊಳ್ಳಿ. ನನ್ನನ್ನು ಕೇಳಿದರೆ ಇದೇ ಒಳ್ಳೆಯದು.

ಮರದ ಮಂಟಪದ ಕಾಲು ಮಣ್ಣಿಗೆ ತಾಗಿದರೆ ಗೆದ್ದಲಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಕಲ್ಲಿನ ಮೇಲೆ ನಿಲ್ಲಿಸಿ. ಹಿಮ ಬೀಳುವ ಕಡೆ ಇರುವವರಿಗೆ ಒಂದು ಮಾತು: ಮಣ್ಣಿನ ಹಣತೆ, ಕುಂಡ ಚಳಿಗಾಲಕ್ಕೆ ಒಳಗೆ ತನ್ನಿ. ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗುತ್ತದೆ, ನೀರು ಹೀರಿದ ಮಡಕೆ ಒಡೆಯುತ್ತದೆ.

ಕಲ್ಲು ಕೂರಿಸಲು ನಾಲ್ಕು ಇಂಚು ಅಗೆದು ಜಲ್ಲಿ ತುಂಬಿ ದಮ್ಮಸು ಮಾಡಿ, ನೀರು ನಿಲ್ಲದ ಹಾಗೆ ಒಂದು ಕಡೆಗೆ ಸ್ವಲ್ಪ ಇಳಿಜಾರು ಕೊಡಿ.

ಬೇರುಬಿಳಲು:
@ಉಳಿಪೆಟ್ಟು ಬೇರಿನ ಮೇಲೆ ಅಗೆಯುವುದೂ ಬೇಡ, ದಮ್ಮಸೂ ಬೇಡ ಸರ್. ಮೇಲಿನ ಕಸ ಕಡ್ಡಿ ಕೆರೆದು, ತೆಳುವಾಗಿ ಮರಳು ಹರಡಿ, ಕಲ್ಲನ್ನು ಹಾಗೇ ಕೂರಿಸಿದರೆ ಆಯಿತು. ಬೇರು ಬೆಳೆದು ಕಲ್ಲು ವಾಲಿದರೆ ಎತ್ತಿ ಸರಿಮಾಡಬಹುದು, ಅಲ್ವಾ?

ಉಳಿಪೆಟ್ಟು:
ಒಪ್ಪಿದೆ. ಮರ ಇಲ್ಲದ ಕಡೆಗೆ ನಾನು ಹೇಳಿದ ಲೆಕ್ಕ.

ಸಂಜೆಗಾಳಿ:
ದೀಪ, ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ಹೂವಿನ ಬಟ್ಟಲು ನೋಡಲು ಚೆಂದ, ಸೊಳ್ಳೆಗೂ ಅಷ್ಟೇ ಇಷ್ಟ. ಬೆಚ್ಚಗಿನ ದಿನಗಳಲ್ಲಿ ಡೆಂಗೀ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವ ತನಕ ಬೆಳೆಯಲು 7ರಿಂದ 10 ದಿನ ಸಾಕು. ವಾರಕ್ಕೆ ಎರಡು ಸಲ ನೀರು ಚೆಲ್ಲಿ. ಬರೀ ಚೆಲ್ಲಿದರೆ ಸಾಲದು, ಬಟ್ಟಲಿನ ಒಳಬದಿಯನ್ನು ನೀರಿನ ಗೆರೆಯ ಮೇಲೂ ಕೆಳಗೂ ಉಜ್ಜಬೇಕು. ಅಲ್ಲಿ ಕರಿ ಚುಕ್ಕೆಯ ಹಾಗೆ ಅಂಟಿರುವ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ತುಂಬಿದ ತಕ್ಷಣ ಮರಿಯಾಗುತ್ತದೆ. ಆ ನೀರನ್ನು ಹಕ್ಕಿ, ಬೆಕ್ಕು ಕುಡಿಯುತ್ತವೆ ಅನ್ನುವುದೂ ನೆನಪಿರಲಿ. ಕಣಗಿಲೆ ಹೂ ತೇಲಿಬಿಡಬೇಡಿ, ಆ ಗಿಡ ಪೂರ್ತಿ ವಿಷ.

ದೀಪಕ್ಕೆ ಗಾಜಿನ ಲಾಟೀನು. ತಗ್ಗಿನ ಕೊಂಬೆಯ ಕೆಳಗೆ, ಒಣ ಎಲೆಯ ಮೇಲೆ ಇಡಬೇಡಿ, ಉರಿಯುವುದನ್ನು ಬಿಟ್ಟು ಎದ್ದು ಹೋಗಬೇಡಿ. ಊದುಬತ್ತಿಯ ಕೆಂಡವೂ ಕೆಂಡವೇ. ನೈವೇದ್ಯ ರಾತ್ರಿಯಿಡೀ ಇಟ್ಟರೆ ಇಲಿ ಬರುತ್ತದೆ. ಕೆಲವರು ಶುದ್ಧಿಗೆ ಅಂತ ಸುತ್ತ ಉಪ್ಪು ಹಾಕುತ್ತಾರೆ, ಗಿಡ ಸುಟ್ಟು ಹೋಗುತ್ತದೆ.

ತಿರುವುದಾರಿ:
ಇಬ್ಬರಿಗೂ ಒಗ್ಗಬೇಕು ಅಂದರೆ ಮೊದಲು ಕೂರುವ ಜಾಗ ಹುಡುಕಿ, ಕಲ್ಲು ಆಮೇಲೆ. ಒಂದು ಕುರ್ಚಿ ಹಾಕಿಕೊಂಡು, ನೀವು ದಿನಾ ಹೋಗುವ ಹೊತ್ತಿನಲ್ಲೇ ಬೇರೆ ಬೇರೆ ಕಡೆ ಕೂತು ನೋಡಿ. ಬೆಳಿಗ್ಗೆ ತಂಪಾಗಿರುವ ಮೂಲೆಯಲ್ಲಿ ಸಂಜೆ ಬಿಸಿಲು ಕಣ್ಣಿಗೆ ಹೊಡೆಯಬಹುದು. ಬೆಂಚನ್ನು ಕಲ್ಲಿನ ಎದುರಿಗೇ ಹಾಕಬೇಡಿ, ಸ್ವಲ್ಪ ಓರೆಯಾಗಿ ಹಾಕಿ. ನಿಮಗೆ ಮೂರ್ತಿ ಕಾಣಲಿ, ಅವರಿಗೆ ಮರ ಕಾಣಲಿ.

ಇನ್ನೊಂದು, ಎಲ್ಲವೂ ಬಾಗಿಲಿಂದಲೇ ಕಾಣುವ ಹಾಗೆ ಮಾಡಬೇಡಿ. ಜಪಾನಿನ ಕ್ಯೋಟೋದಲ್ಲಿ ರ್ಯೋಆಂಜಿ ಅನ್ನುವ ಬೌದ್ಧ ದೇವಾಲಯದ ಕಲ್ಲುತೋಟದಲ್ಲಿ 15 ಕಲ್ಲುಗಳಿವೆ, ಜಗಲಿಯ ಮೇಲೆ ಎಲ್ಲಿ ಕೂತರೂ ಒಂದಾದರೂ ಮರೆಯಾಗಿರುತ್ತದೆ. ನಿಮಗೆ ಅಷ್ಟೆಲ್ಲ ಬೇಡ, ಎದೆಯೆತ್ತರದ ಎರಡು ಪೊದೆ ನೆಟ್ಟು ದಾರಿಯನ್ನು ಒಂದು ಸಲ ತಿರುಗಿಸಿದರೆ ಸಾಕು. ಸಾಮಾನು ಜಾಸ್ತಿ ತುಂಬಬೇಡಿ. ಗಂಟೆ, ಗೊಂಬೆ, ಬಣ್ಣದ ಲೈಟು ಎಲ್ಲ ಸೇರಿದರೆ ಅಲ್ಲಿ ಕೂರಲು ನಿಮ್ಮವರು ಬರುವುದಿಲ್ಲ, ನಾನೂ ಬರುವುದಿಲ್ಲ 😄

ಹಿತ್ತಲಗಿಡ:
ತುಂಬಾ ಥ್ಯಾಂಕ್ಸ್. ಕಟ್ಟೆ, ಮಂಟಪ ಎರಡೂ ಕ್ಯಾನ್ಸಲ್. ಮೂರ್ತಿ ಒಳಗೇ ಇರುತ್ತದೆ. ಓರೆ ಬೆಂಚಿಗೆ ನಮ್ಮವರು ಈಗಾಗಲೇ ಅಳತೆ ತೆಗೆಯುತ್ತಿದ್ದಾರೆ. ಕೊನೇ ಪ್ರಶ್ನೆ: ನೆರಳು ಜಾಸ್ತಿ, ಕಲ್ಲಿಗೆ ಪಾಚಿ ಹಿಡಿಯುತ್ತದೆ ಅಲ್ವಾ?

ಉಳಿಪೆಟ್ಟು:
ಹಿಡಿಯುತ್ತದೆ. ಗ್ರಾನೈಟಿಗೆ ಏನೂ ಆಗುವುದಿಲ್ಲ, ಇರಲಿ ಬಿಡಿ. ಕಾಲಿಡುವ ಕಲ್ಲನ್ನು ಮಾತ್ರ ಗಟ್ಟಿ ಬ್ರಶ್‌ನಲ್ಲಿ ಬರೀ ನೀರು ಹಾಕಿ ಉಜ್ಜಿ, ಇಲ್ಲದಿದ್ದರೆ ಜಾರುತ್ತೀರಿ. ಬ್ಲೀಚ್ ಸುರಿಯಬೇಡಿ, ಬೇರಿಗೆ ಇಳಿಯುತ್ತದೆ. ಆಮೇಲೆ ಬೇರುಬಿಳಲು ನನ್ನನ್ನು ಬಿಡುವುದಿಲ್ಲ.