ರಾಯಚೂರಿನ ಬಿಸಿಲಿನಲ್ಲಿ ಮನೆಯೊಳಗೆ ತರಕಾರಿ ಅಗಿ ಬೆಳೆಸಲು ಜಾಗ ಹೇಗಿರಬೇಕು?

ಹಿತ್ತಲ ಗಿಡ, ರಾಯಚೂರು

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಿನಲ್ಲಿ 12 ಅಡಿ ಉದ್ದ, 10 ಅಡಿ ಅಗಲದ ಜಾಗವಿದ್ದು, ಅದರಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ ಬೆಳೆಯುತ್ತೇವೆ. ಇಲ್ಲಿಯವರೆಗೆ ಅಗಿಯನ್ನು ಸಂತೆಯಿಂದ ತರುತ್ತಿದ್ದೆವು. ಯಾವ ತಳಿಯೆಂದು ಕೇಳಿದರೆ ಮಾರುವವರಿಗೇ ತಿಳಿದಿರುವುದಿಲ್ಲವಾದ್ದರಿಂದ, ಈ ಸಲ ಮುಂಗಾರಿಗೆ ಮನೆಯಲ್ಲಿಯೇ ಬೀಜ ಹಾಕಿ ಬೆಳೆಸೋಣವೆಂದು ಏಪ್ರಿಲ್ ಕೊನೆಯಲ್ಲಿ ಪ್ರೋಟ್ರೇ, ಅಂದರೆ ಗುಳಿಗೊಂದರಂತೆ ಬೀಜ ಹಾಕುವ ಟ್ರೇ ತಂದೆ. ಮಾಳಿಗೆಯ ಮೇಲೆ ಇಟ್ಟ ಮೊದಲ ಟ್ರೇ ಎರಡೇ ದಿನಕ್ಕೆ ಒಣಗಿ ಹೋಯಿತು. ಎರಡನೆಯದನ್ನು, ವಿಡಿಯೊ ಒಂದರಲ್ಲಿ ಹೇಳಿದ್ದಂತೆ, ಪಡಸಾಲೆಯ ದಕ್ಷಿಣದ ಕಿಟಕಿಯಲ್ಲಿಟ್ಟೆ. ಟೊಮೆಟೊ ಆರನೆಯ ದಿನಕ್ಕೆ ಮೊಳೆಯಿತು, ಆದರೆ ಮುಂದಿನ ನಾಲ್ಕೈದು ದಿನಗಳಲ್ಲಿ ಶ್ಯಾವಿಗೆಯ ಎಳೆಯಂತೆ ಉದ್ದವಾಗಿ ಕಿಟಕಿಯ ಕಡೆಗೆ ಬಾಗಿತು. ಆಮೇಲೆ ಒಂದೊಂದಾಗಿ ಬುಡದಲ್ಲಿ ಕಂದುಬಣ್ಣಕ್ಕೆ ತಿರುಗಿ, ದಾರದಷ್ಟು ಸಣ್ಣಗಾಗಿ ಅಡ್ಡ ಬಿದ್ದವು. ಮೆಣಸಿನಕಾಯಿಯಂತೂ 40 ಬೀಜಗಳಲ್ಲಿ ಮೇಲೆ ಬಂದದ್ದು 11 ಮಾತ್ರ.

ನಮ್ಮ ಅತ್ತೆಯವರು ಹಿಂದೆ ಒಡೆದ ಹರವಿಯಲ್ಲಿ ಬೇವಿನ ಗಿಡದ ನೆರಳಿಗೆ ಅಗಿ ಹಾಕುತ್ತಿದ್ದರಂತೆ. ಆ ಬೇವಿನ ಗಿಡ ಈಗಿಲ್ಲ. ಮನೆಯೊಳಗೆ ಯಾವ ಕೋಣೆ ಸೂಕ್ತ, ಬೆಳಕಿಗೆ ಏನು ಮಾಡಬೇಕು, ಕೊಳವೆಬಾವಿಯ ಸವುಳು ನೀರನ್ನು ಕೊಡಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಎರೆ ಹೊಲ, ಸಿಂಧನೂರು

ಅಕ್ಕಾ, ನಮಸ್ಕಾರ. ಮೊದಲಿಗೆ ಆ ದಕ್ಷಿಣದ ಕಿಟಕಿಯ ವಿಷಯ. ಆ ಸಲಹೆ ಚಳಿ ದೇಶದವರದು. ರಾಯಚೂರಿನಲ್ಲಿ ಮೇ ಮೊದಲ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಅಲ್ಲಿಂದ ಆಗಸ್ಟ್ ಆರಂಭದವರೆಗೆ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ವಾಲಿರುತ್ತಾನೆ. ಹೀಗಾಗಿ ಆ ಮೂರು ತಿಂಗಳು ದಕ್ಷಿಣದ ಕಿಟಕಿಯೊಳಗೆ ನೇರ ಬಿಸಿಲು ಬೀಳುವುದೇ ಇಲ್ಲ. ಬರುವುದು ಬಿಸಿಗಾಳಿ ಮಾತ್ರ. ಸಸಿಗೆ ಶಾಖ ಹೆಚ್ಚಾಗಿ ಬೆಳಕು ಕಡಿಮೆಯಾದರೆ ಅದು ಬೆಳಕನ್ನು ಹುಡುಕಿಕೊಂಡು ಕಾಂಡವನ್ನಷ್ಟೇ ಉದ್ದ ಮಾಡುತ್ತದೆ. ನಿಮ್ಮ ಶ್ಯಾವಿಗೆಗೆ ಅದೇ ಕಾರಣ. ಅದೇ ಕಿಟಕಿ ಡಿಸೆಂಬರ್‌ನಲ್ಲಿ ಬಹಳ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ಕೋಣೆಯನ್ನು ಆರಿಸುವಾಗ ಬೆಳಕನ್ನು ನೋಡಬೇಡಿ, ತಂಪನ್ನು ನೋಡಿ. ಬೆಳಕನ್ನು ನಾವು ಕೊಡಬಹುದು, ಮೇ ತಿಂಗಳಲ್ಲಿ ತಂಪನ್ನು ಕೊಡುವುದು ಕಷ್ಟ. ಟೊಮೆಟೊ, ಮೆಣಸಿನಕಾಯಿ, ಬದನೆ ಮೊಳೆಯಲು 25ರಿಂದ 30 ಡಿಗ್ರಿ ಹಿತವಾದ ಶಾಖ. 35 ದಾಟಿದರೆ ಬೀಜ ಮೊಳೆಯುವುದು ಬಹಳ ಕಡಿಮೆಯಾಗುತ್ತದೆ. ನಿಮ್ಮ 11 ಮೆಣಸಿನ ಸಸಿಗಳ ಲೆಕ್ಕಕ್ಕೆ ಅದೇ ಕಾರಣವಿರಬಹುದು. ಮೇಲೆ ಇನ್ನೊಂದು ಅಂತಸ್ತು ಇರುವ, ಪಶ್ಚಿಮಕ್ಕೆ ಹೊರಗೋಡೆಯಿಲ್ಲದ ಒಳಕೋಣೆಯಾದರೆ ಉತ್ತಮ. ಒಂದು ಥರ್ಮಾಮೀಟರ್ ತಂದು, ಮಧ್ಯಾಹ್ನ ಮೂರು ಗಂಟೆಗೆ ಒಂದೊಂದು ಕೋಣೆಯಲ್ಲಿ ಅರ್ಧ ಗಂಟೆ ಇಟ್ಟು ನೋಡಿ. ನಮ್ಮ ಮನೆಯಲ್ಲಿ ಪಡಸಾಲೆಗೂ ಜೋಳದ ಚೀಲ ಇಡುವ ಕೋಣೆಗೂ ಐದು ಡಿಗ್ರಿ ಅಂತರವಿದೆ.

ಬೆಳಕಿಗೆ ದುಬಾರಿ ಗುಲಾಬಿ ಬಣ್ಣದ ದೀಪ ಬೇಡ. ಅಂಗಡಿಯಲ್ಲಿ ಸಿಗುವ ನಾಲ್ಕು ಅಡಿಯ, 20 ವಾಟ್‌ನ, 6500 ಕೆಲ್ವಿನ್ ಬಿಳಿ ಬೆಳಕಿನ ಎಲ್‌ಇಡಿ ಟ್ಯೂಬ್‌ಲೈಟ್ ಎರಡು ಸಾಕು. 98 ಗುಳಿಗಳ ಪ್ರೋಟ್ರೇ ಎರಡು ಅಡಿಗಿಂತ ತುಸು ಕಡಿಮೆ ಉದ್ದವಿರುವುದರಿಂದ, ಒಂದರ ಮುಂದೊಂದು ಇಟ್ಟ ಎರಡು ಟ್ರೇಗಳು ಈ ಟ್ಯೂಬಿನ ಕೆಳಗೆ ಸರಿಯಾಗಿ ಕೂಡುತ್ತವೆ. ಗೋಡೆಯ ಮೇಲಿರುವ ದೀಪದಿಂದ ಉಪಯೋಗವಿಲ್ಲ. ಟ್ಯೂಬು ಎಲೆಯ ತುದಿಯಿಂದ 10 ಸೆಂಟಿಮೀಟರ್ ಎತ್ತರದಲ್ಲಿ, ಅಂದರೆ ಅಂಗೈಯ ಅಗಲದಷ್ಟೇ ಮೇಲಿರಬೇಕು, ಸಸಿ ಬೆಳೆದಂತೆ ಮೇಲಕ್ಕೆ ಎತ್ತುತ್ತ ಹೋಗಬೇಕು. ನಾನು ಎರಡೂ ತುದಿಗೆ ನೈಲಾನ್ ಹಗ್ಗ ಕಟ್ಟಿ ಮೊಳೆಗೆ ಸುತ್ತಿದ್ದೇನೆ. ದಿನಕ್ಕೆ 14 ಗಂಟೆ ಉರಿಸಿದರೆ ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು, ತಿಂಗಳಿಗೆ ಸುಮಾರು 17 ಯೂನಿಟ್ ಕರೆಂಟ್ ಖರ್ಚಾಗುತ್ತದೆ. ಮುಳ್ಳು ತಿರುಗಿಸುವ ಟೈಮರ್ ಹಾಕುವುದಾದರೆ ಒಂದು ಎಚ್ಚರಿಕೆ: ಕರೆಂಟ್ ಹೋದಷ್ಟು ಹೊತ್ತು ಅದೂ ನಿಂತಿರುತ್ತದೆ. ನಾನು ಗಮನಿಸದೆ ಬಿಟ್ಟ ಒಂದು ವಾರದಲ್ಲಿ ದೀಪ ನಡುರಾತ್ರಿ ಎರಡರವರೆಗೆ ಉರಿಯತೊಡಗಿತ್ತು.

ಬುಡ ಸಣ್ಣಗಾಗಿ ಬಿದ್ದದ್ದು ಸಸಿ ಕೊಳೆ ರೋಗ. ಸದಾ ಒದ್ದೆಯಾಗಿರುವ, ಗಾಳಿಯಾಡದ ಜಾಗದಲ್ಲಿ ಪಿಥಿಯಂನಂಥ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿಗಳು ಅದನ್ನು ತರುತ್ತವೆ. ಹೊಲದ ಮಣ್ಣನ್ನು ಟ್ರೇಗೆ ಹಾಕಬೇಡಿ, ಅದರಲ್ಲೂ ನಮ್ಮ ಎರೆ ಮಣ್ಣು ನೀರು ಹಿಡಿದರೆ ಬಿಡುವುದಿಲ್ಲ. ತೆಂಗಿನ ನಾರಿನ ಪುಡಿ ಮೂರು ಪಾಲು, ಜರಡಿ ಹಿಡಿದ ಎರೆಹುಳು ಗೊಬ್ಬರ ಒಂದು ಪಾಲು, ಟ್ರೇಗೆ ಒಂದು ಚಮಚದಂತೆ ಟ್ರೈಕೋಡರ್ಮಾ (ಕೊಳೆ ರೋಗವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಪುಡಿ ಸೇರಿಸಿ. ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿಯಿಂದ ಒಂದೆರಡು ಹನಿ ಮಾತ್ರ ಬರುವಷ್ಟು ಹದವಿರಲಿ. ನೀರನ್ನು ಬೆಳಿಗ್ಗೆ ಮಾತ್ರ ಕೊಡಿ. ಫ್ಯಾನಿನ ಗಾಳಿ ಎಲೆಗಳು ಸ್ವಲ್ಪ ಅಲುಗುವಷ್ಟು ತಾಗುತ್ತಿದ್ದರೆ ಕಾಂಡವೂ ಗಟ್ಟಿಯಾಗುತ್ತದೆ.

ಹಿತ್ತಲ ಗಿಡ, ರಾಯಚೂರು

ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದ. ಮಧ್ಯಾಹ್ನ ಅಳೆದು ನೋಡಿದೆ: ಪಡಸಾಲೆಯಲ್ಲಿ 37, ಮೆಟ್ಟಿಲ ಕೆಳಗಿನ ಸಾಮಾನು ಕೋಣೆಯಲ್ಲಿ 32. ಮಲಗುವ ಕೋಣೆಯಲ್ಲಿ ಏರ್‌ಕೂಲರ್ ಹಚ್ಚಿದಾಗ 29ಕ್ಕೆ ಇಳಿಯುತ್ತದೆ. ಹಾಗಾದರೆ ಟ್ರೇಗಳನ್ನು ಕೂಲರ್ ಮುಂದೆ ಇಡಬಹುದೇ? ಅದರ ತೊಟ್ಟಿಯಲ್ಲಿ ಉಳಿಯುವ ನೀರನ್ನೂ ಸಸಿಗೆ ಹಾಕಬಹುದೆಂದು ಮನೆಯಲ್ಲಿ ಹೇಳುತ್ತಿದ್ದಾರೆ.

ಹಳೆಯ ತೋಟಿಗ, ಗಂಗಾವತಿ

ತಂಗೀ, ಕೂಲರ್ ತೊಟ್ಟಿಯ ನೀರನ್ನು ಮಾತ್ರ ಹಾಕಬೇಡ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ದಿನ ಕಳೆದಂತೆ ಅದು ಕೊಳವೆಬಾವಿಯ ನೀರಿಗಿಂತಲೂ ಸವುಳಾಗುತ್ತದೆ. ಕೂಲರಿನ ಹುಲ್ಲಿನ ಮೇಲೆ ಕಟ್ಟುವ ಬಿಳಿ ಹೊಪ್ಪಳಿಕೆಯನ್ನು ನೋಡಿರುತ್ತೀಯಲ್ಲ, ಅದೇ ಟ್ರೇಯ ಗುಳಿಗಳ ಅಂಚಿಗೂ ಕಟ್ಟುತ್ತದೆ, ಎಲೆಯ ತುದಿ ಸುಟ್ಟಂತಾಗುತ್ತದೆ. ಕುಡಿಯುವ ನೀರಿನ ಯಂತ್ರದಿಂದ ಹೊರಗೆ ಹೋಗುವ ನೀರೂ ಹಾಗೆಯೇ. ಎರಡು ಟ್ರೇಗೆ ದಿನಕ್ಕೆ ಬೇಕಾಗುವ ನೀರು ಎರಡು ಮೂರು ಲೀಟರ್ ಅಷ್ಟೇ; ಅಷ್ಟಕ್ಕೆ ಕುಡಿಯುವ ನೀರನ್ನೇ ಕೊಟ್ಟರೆ ನಷ್ಟವಿಲ್ಲ. ತೆಂಗಿನ ನಾರಿನ ಪುಡಿಯಲ್ಲಿಯೂ ಉಪ್ಪು ಇರುವುದರಿಂದ, ರಾತ್ರಿ ನೆನೆಸಿ, ಎರಡು ಮೂರು ಸಲ ನೀರು ಬದಲಿಸಿ ತೊಳೆದು ಹಿಂಡಿಕೊಳ್ಳಬೇಕು.

ಕೂಲರ್ ಇರುವ ಕೋಣೆಯಲ್ಲಿ ಬೀಜ ಮೊಳೆಯುವವರೆಗೆ ಟ್ರೇ ಇಡಬಹುದು. ಮೊಳೆತ ಮೇಲೆ ಆ ತೇವದ ಗಾಳಿಯಲ್ಲಿ ಕೊಳೆ ರೋಗ ಮತ್ತೆ ಬರುತ್ತದೆಂಬುದು ನನ್ನ ಅನುಭವ. ಆದ್ದರಿಂದ ಮೊಳಕೆ ಕಂಡ ದಿನವೇ ನಿನ್ನ ಸಾಮಾನು ಕೋಣೆಗೆ, ದೀಪದ ಕೆಳಗೆ ಒಯ್ಯುವುದು ಒಳ್ಳೆಯದು. ಒಂದೇ ದಿನ ತಡವಾದರೂ ಕಾಂಡ ಉದ್ದವಾಗಿಬಿಡುತ್ತದೆ, ಅದನ್ನು ಮತ್ತೆ ಗಿಡ್ಡ ಮಾಡಲಾಗದು.

ಸಿಂಧನೂರಿನವರು ಹೇಳಿದ ಮಿಶ್ರಣಕ್ಕೆ ನಾನು ಕಾಲು ಪಾಲು ಅಕ್ಕಿ ಗಿರಣಿಯ ಭತ್ತದ ಹೊಟ್ಟಿನ ಕರಿಯನ್ನು ಸೇರಿಸುತ್ತೇನೆ. ಅರೆಬೆಂದು ಕಪ್ಪಾಗಿರುವುದೇ ಆಗಬೇಕು. ಪೂರ್ತಿ ಉರಿದ ಬೂದಿಯಲ್ಲಿ ಕ್ಷಾರ ಹೆಚ್ಚು, ಅದು ಸಸಿಗೆ ಆಗದು. ನಮ್ಮ ಭಾಗದಲ್ಲಿ ಗಿರಣಿಗಳಿಗೇನು ಕೊರತೆ? ಒಂದು ಚೀಲ ತಂದರೆ ಎರಡು ವರ್ಷ ಬರುತ್ತದೆ.

ಇರುವೆಯ ಬಗ್ಗೆ ಯಾರೂ ಹೇಳಲಿಲ್ಲ. ಬಿತ್ತಿದ ರಾತ್ರಿಯೇ ಗುಳಿಯಿಂದ ಬೀಜ ಹೊತ್ತುಕೊಂಡು ಹೋಗುತ್ತವೆ. ಮೇಜಿನ ನಾಲ್ಕೂ ಕಾಲುಗಳನ್ನು ನೀರು ತುಂಬಿದ ಬಟ್ಟಲಿನಲ್ಲಿ ಇಡು, ಮೇಜು ಗೋಡೆಗೆ ತಾಗದಿರಲಿ.

ಬ್ಯಾಡಗಿ ಪ್ರಿಯ, ಬಳ್ಳಾರಿ

ಮೆಣಸಿನಕಾಯಿಗೆ ಸಂಬಂಧಿಸಿ ಒಂದು ಮಾತು ಸೇರಿಸುತ್ತೇನೆ. ಬೀಜವನ್ನು ನೇರವಾಗಿ ಗುಳಿಗೆ ಹಾಕುವ ಬದಲು, ಹೆಸರುಕಾಳನ್ನು ಮೊಳಕೆ ಕಟ್ಟುವ ಹಾಗೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ತಂಪಾದ ಕೋಣೆಯಲ್ಲಿಡಿ. ಬಿಳಿ ಮೂತಿ ಕಂಡ ಬೀಜವನ್ನು ಮಾತ್ರ ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿದರೆ ಖಾಲಿ ಗುಳಿ ಉಳಿಯುವುದಿಲ್ಲ. ಮನೆಯ ಒಣಮೆಣಸಿನಕಾಯಿಯಿಂದ ಬೀಜ ತೆಗೆಯುವುದಾದರೆ ಬ್ಯಾಡಗಿಯಂಥ ನಾಟಿ ತಳಿಯದಾಗಿರಲಿ. ಹೈಬ್ರಿಡ್‌ನ ಬೀಜ ತಾಯಿಯಂತೆ ಬರುವುದಿಲ್ಲ. ಬೆಂಡೆ, ಚವಳಿಕಾಯಿ, ಮೂಲಂಗಿಗೆ ಈ ಖಟಪಟಿಯೇ ಬೇಡ, ನೇರವಾಗಿ ಮಡಿಯಲ್ಲೇ ಬಿತ್ತಿ.

ಹಿತ್ತಲ ಗಿಡ, ರಾಯಚೂರು

ನಾಳೆಯೇ ಸಾಮಾನು ಕೋಣೆಯನ್ನು ಖಾಲಿ ಮಾಡುತ್ತೇವೆ. ಟ್ಯೂಬು, ಹಗ್ಗ, ಎರಡು ಟ್ರೇ ಸಿದ್ಧವಾಗಿವೆ. ಮೂರೂ ತರಕಾರಿಗಳನ್ನು ಒಂದೇ ದಿನ ಬಿತ್ತಬಹುದೇ ಎಂಬುದೊಂದೇ ಉಳಿದಿರುವ ಪ್ರಶ್ನೆ.

ಎರೆ ಹೊಲ, ಸಿಂಧನೂರು

ಬೇಡ ಅಕ್ಕಾ. ನಾಟಿಗೆ ಬರಲು ಮೆಣಸಿನ ಅಗಿಗೆ 40 ದಿನ, ಬದನೆಗೆ 30ರಿಂದ 35 ದಿನ ಬೇಕಾದರೆ, ಟೊಮೆಟೊಗೆ 25 ದಿನ ಸಾಕು. ಮೆಣಸಿನಕಾಯಿಯನ್ನು ಈ ವಾರ, ಬದನೆಯನ್ನು ಮುಂದಿನ ವಾರ, ಟೊಮೆಟೊವನ್ನು ಇನ್ನೂ ಒಂದು ವಾರ ಬಿಟ್ಟು ಬಿತ್ತಿದರೆ, ಆರಿದ್ರಾ ಮಳೆಯ ಹೊತ್ತಿಗೆ ಮೂರನ್ನೂ ಒಟ್ಟಿಗೆ ಹಚ್ಚಬಹುದು. ಅದಕ್ಕೂ ಮೊದಲಿನ ಎಂಟು ದಿನ ಟ್ರೇಗಳನ್ನು ಹೊರಗೆ ಒಯ್ದು ರೂಢಿ ಮಾಡಿಸಿ: ಮೊದಲ ದಿನ ಬೆಳಿಗ್ಗೆ ಏಳರಿಂದ ಎಂಟರವರೆಗೆ, ಮುಂದೆ ದಿನಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸುತ್ತ ಹೋಗಿ. ಹತ್ತರ ನಂತರದ ಬಿಸಿಲಿಗೆ ಅರ್ಧ ನೆರಳು ಕೊಡುವ ಹಸಿರು ಪರದೆ ಕಟ್ಟಿಕೊಳ್ಳಿ. ದೀಪದ ಕೆಳಗೆ ಬೆಳೆದ ಎಲೆ ನಮ್ಮ ಬಿಸಿಲನ್ನು ಒಮ್ಮೆಲೇ ಕಂಡರೆ ಮಧ್ಯಾಹ್ನದೊಳಗೆ ಬಿಳಚಿಕೊಳ್ಳುತ್ತದೆ.