1,280 ಅಡಿ, ಬರೀ ಹುಡಿ

ಮಂಜುಳಾ, 22ನೇ ಮನೆ (ಬೆಳಗ್ಗೆ 4:52)
ಯಾರಾದರೂ ಎದ್ದಿದ್ದೀರಾ? ಮಲಗಿದ್ದರೆ ತಾನೇ ಏಳುವುದು! ನಿನ್ನೆ ಮಧ್ಯಾಹ್ನ ಶುರುವಾದ ಬೋರ್‌ವೆಲ್ ಲಾರಿ ಬೆಳಗಿನ ಜಾವ ಮೂರೂವರೆಗೆ ನಿಂತಿತು. ನಮ್ಮ ಅತ್ತೆಗೆ ಉಬ್ಬಸ. ಕಿಟಕಿಗೆ ಒದ್ದೆ ಸೀರೆ ಕಟ್ಟಿ ರಾತ್ರಿಯೆಲ್ಲ ಕೂತಿದ್ದೆವು. ತುಳಸಿ ಗಿಡ ಸುಣ್ಣ ಬಳಿದ ಹಾಗಾಗಿದೆ. ಹಲ್ಲು ಕಚ್ಚಿದರೆ ಕರಕರ ಅನ್ನುತ್ತದೆ. 1,280 ಅಡಿ ಕೊರೆದರೂ ಒಂದು ಚೊಂಬು ನೀರಿಲ್ಲ. ಮನೆಗೆ ಎಂಟು ಸಾವಿರ ಕೊಟ್ಟಿದ್ದು ಇದಕ್ಕಾ? ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾರ್ಕಿನಲ್ಲಿ ಓಡಾಡಿದವನನ್ನು ಕರೆತಂದವರು ಯಾರು, ಮೊದಲು ಅದು ಹೇಳಿ.

ರಫೀಕ್, ಮೂಲೆಮನೆ (5:10)
ಅಕ್ಕ, ಆ ಕಾಯಿ ಒಡೆದಿದ್ದರೆ ಅದರೊಳಗಿನ ನೀರಾದರೂ ಸಿಗುತ್ತಿತ್ತು.

ಶಾಂತಮ್ಮ (5:31)
🌹🙏 ಶುಭೋದಯ. ರಾತ್ರಿ ತಾಮ್ರದ ಚೊಂಬಿನಲ್ಲಿ ನೀರಿಟ್ಟು ಬೆಳಗ್ಗೆ ಕುಡಿದರೆ ನೂರು ರೋಗ ದೂರ. 10 ಜನಕ್ಕೆ ಕಳಿಸಿ.

ರಫೀಕ್ (5:33)
ಚೊಂಬು ಇದೆ ಅಜ್ಜಿ.

ನಾಗರಾಜ್, ಅಧ್ಯಕ್ಷರು (6:05)
ಎಲ್ಲರಿಗೂ ನಮಸ್ಕಾರ. ಕರೆತಂದವನು ನಾನೇ, ಮುಚ್ಚಿಡುವುದೇನಿಲ್ಲ. ನಮ್ಮ ಭಾವಮೈದುನನ ತೋಟದಲ್ಲಿ ಅವರು ಮೂರು ಪಾಯಿಂಟ್ ಕೊಟ್ಟು ಎರಡರಲ್ಲಿ ನೀರು ಬಿದ್ದಿದೆ. ಭೂಮಿತಾಯಿ ಕೊಡದಿದ್ದರೆ ನಾನೇನು ಮಾಡಲಿ? 410 ಅಡಿಗೆ ಅರ್ಧ ಇಂಚು ಬಂದಾಗ ಎಲ್ಲರೂ ಕೇಕೆ ಹಾಕಿದಿರಿ. ಆಗ ನಾನು ಒಳ್ಳೆಯವನು. ಅದು ನಿಂತು ಹೋಯಿತು, 800ಕ್ಕೆ ಸಾಕು ಮಾಡೋಣ ಅಂದೆ. ಇನ್ನೊಂದು ನೂರು, ಇನ್ನೊಂದು ನೂರು ಅಂದವರು ಯಾರು? 3ನೇ ಕ್ರಾಸಿನವರು.

ಪದ್ಮಾ, 3ನೇ ಕ್ರಾಸ್ (6:09)
ನಮ್ಮ ಕ್ರಾಸಿನ ಹೆಸರು ಎತ್ತಬೇಡಿ. 2ನೇ ಕ್ರಾಸಿನಲ್ಲಿ ಒಂದೊಂದು ಮನೆಗೆ ಎರಡೆರಡು ಸಂಪು ಇದೆ. ನಾವು ಯಾವತ್ತಾದರೂ ಬಾಯಿ ಬಿಟ್ಟಿದ್ದೇವಾ?

ಕಿರಣ್, 9ನೇ ಮನೆ (7:20)
ಜಗಳ ಆಮೇಲೆ ಇರಲಿ. ಪಾರ್ಕಿನ ಮೂಲೆಯಲ್ಲಿರುವ ಹುಡಿ ಗುಡ್ಡೆಗಳನ್ನು ದಯವಿಟ್ಟು ಯಾರೂ ಗುಡಿಸಬೇಡಿ. ಈಗ ನೋಡಿ ಬಂದೆ. ಮೊದಲ ಗುಡ್ಡೆ ಕೆಂಪು ಮಣ್ಣು. ಆಮೇಲಿನದು ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಮೆತ್ತನೆ ಕಲ್ಲು. ಉಳಿದದ್ದೆಲ್ಲ ಬೂದಿ ಬಣ್ಣ, ಗಟ್ಟಿ ಬಂಡೆ. ಮೆತ್ತನೆ ಭಾಗ ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪು ಎಷ್ಟು ಅಡಿ ಇಳಿಯಿತು? ಅದು ಗೊತ್ತಾದರೆ ಮೆತ್ತನೆ ಕಲ್ಲು ಎಲ್ಲಿಯ ತನಕ ಇದೆ ಅಂತ ಗೊತ್ತಾಗುತ್ತದೆ.

ಶಿವಣ್ಣ, ಖಜಾಂಚಿ (7:26)
ಬಿಲ್ಲಿನಲ್ಲಿ 140 ಅಡಿ ಇದೆ.

ಮಂಜುಳಾ (7:27)
140? ನಾನು ಕಿಟಕಿಯಲ್ಲೇ ನಿಂತು ಎಣಿಸಿದ್ದೇನೆ. ಇಪ್ಪತ್ತಡಿ ಪೈಪು ನಾಲ್ಕೇ ಇಳಿದಿದ್ದು. ಉಳಿದ ಮೂರು ಯಾರ ಮನೆಯ ಮಹಡಿ ಮೇಲಿದೆ?

ಶಿವಣ್ಣ (7:30)
ಅಮ್ಮಾ, ನಾನು ಬಿಲ್ಲು ನೋಡಿ ದುಡ್ಡು ಕೊಡುವವನು. ಪೈಪು ಎಣಿಸು ಅಂತ ನನಗೆ ಯಾರೂ ಹೇಳಿಲ್ಲ.

ನಾಗರಾಜ್ (7:31)
ಪೈಪಿನ ವಿಷಯ ಪರ್ಸನಲ್ ಆಗಿ ಮಾತಾಡೋಣ. ಗ್ರೂಪಿನಲ್ಲಿ ಬೇಡ.

ರಫೀಕ್ (7:31)
ಅರವತ್ತು ಅಡಿ ಪೈಪು ಪರ್ಸನಲ್ಲಾ?

ಕಿರಣ್ (7:48)
ನಾಲ್ಕು ಪೈಪು ಅಂದರೆ ಅಲ್ಲಿ ಗಟ್ಟಿ ಬಂಡೆ 75–80 ಅಡಿಗೇ ಸಿಕ್ಕಿದೆ. ನೂರು ಮೀಟರ್ ಆಚೆ ಅದು 150 ಇರಬಹುದು, 30 ಇರಬಹುದು. ಕೊರೆಯದೆ ಅದನ್ನು ನೋಡಬಹುದು, ನೆಲಕ್ಕೆ ಕರೆಂಟ್ ಬಿಟ್ಟು. ಒಂದು ಸಲ ಮಾಡಿಸೋಣ ಅಲ್ವಾ?

ನಾಗರಾಜ್ (7:55)
ಮಷಿನ್ನಾ? ಮೂರು ವರ್ಷದ ಹಿಂದೆ ಹಳೇ ಕಮಿಟಿ ಕರೆಸಿದವನನ್ನು ಮರೆತಿರಾ? ಟಿಫಿನ್ ಕ್ಯಾರಿಯರ್‌ನಷ್ಟು ಡಬ್ಬಿ, ಹತ್ತು ನಿಮಿಷದ ಕೆಲಸ, ಮೊಬೈಲಿನಲ್ಲಿ ಬಣ್ಣದ ಚಿತ್ರ. "650 ಅಡಿಗೆ ಮೂರು ಇಂಚು ಗ್ಯಾರಂಟಿ." ಆ ತೂತು ಇವತ್ತಿಗೂ ಗಣಪತಿ ಗುಡಿಯ ಹಿಂದೆ ಬಾಯಿ ಬಿಟ್ಟುಕೊಂಡಿದೆ. ಕಾಯಿಯವರು ತಗೊಂಡಿದ್ದು ಮೂರು ಸಾವಿರ. ಅವನು ಹದಿನೈದು!

ವೆಂಕಟೇಶಪ್ಪ ಮೇಷ್ಟ್ರು (7:58)
ಬಾಯಿ ಬಿಟ್ಟುಕೊಂಡಿದೆ ಅಂತ ಆರಾಮಾಗಿ ಹೇಳುತ್ತೀಯಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪುಟ್ಟ ಮಗು ಬೋರಿಗೆ ಬಿದ್ದು, ಸುಮಾರು 20 ಗಂಟೆ ಆದ ಮೇಲೆ ಎತ್ತಿದರು. ಇವತ್ತೇ ಅದಕ್ಕೆ ಮುಚ್ಚಳ ಹಾಕಿಸಿ.

ಕಿರಣ್ (8:15)
ನಾಗರಾಜಣ್ಣ, ಆ ಡಬ್ಬಿಯೇ ಬೇರೆ, ಇದೇ ಬೇರೆ. ಇದು ನೂರು ವರ್ಷ ದಾಟಿದ ವಿದ್ಯೆ. ಫ್ರಾನ್ಸಿನ ಶ್ಲುಂಬರ್ಜೆ, ಅಮೆರಿಕದ ವೆನ್ನರ್ 1910ರ ದಶಕದಲ್ಲೇ ಮಾಡಿ ತೋರಿಸಿದ್ದು. ನಾಲ್ಕು ಸಲಾಕೆಗಳನ್ನು ಒಂದೇ ಗೆರೆಯಲ್ಲಿ ನೆಲಕ್ಕೆ ಹೊಡೆಯುತ್ತಾರೆ. ಹೊರಗಿನ ಎರಡರಲ್ಲಿ ಕರೆಂಟ್ ಬಿಟ್ಟು, ಒಳಗಿನ ಎರಡರಲ್ಲಿ ವೋಲ್ಟೇಜ್ ಅಳೆಯುತ್ತಾರೆ. ಗಟ್ಟಿ ಬಂಡೆ ಕರೆಂಟಿಗೆ ದಾರಿ ಕೊಡುವುದಿಲ್ಲ, ಸಾವಿರಾರು ಓಮ್-ಮೀಟರ್ (ಕರೆಂಟನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ) ತೋರಿಸುತ್ತದೆ. ನೀರು ಕುಡಿದ ಮೆತ್ತನೆ ಕಲ್ಲಾದರೆ ಐವತ್ತೋ ನೂರೋ. ಈಗಿನ ಯಂತ್ರದಲ್ಲಿ ಒಂದು ಉದ್ದದ ಕೇಬಲ್ಲಿಗೆ ಹತ್ತಾರು ಸಲಾಕೆ. ಯಾವ ನಾಲ್ಕು ಅಂತ ಅದೇ ಬದಲಿಸಿಕೊಂಡು ನೂರಾರು ಸಲ ಅಳೆಯುತ್ತದೆ. ಆಮೇಲೆ ಕಂಪ್ಯೂಟರಿಗೆ ಹಾಕಿದರೆ, ಹಲಸಿನ ಹಣ್ಣು ಸೀಳಿ ಇಟ್ಟ ಹಾಗೆ ನೆಲದ ಒಳಗು ಕಾಣುತ್ತದೆ.

ಗ್ಯಾರಂಟಿ ಅಂದವನನ್ನು ಗೇಟಿನಿಂದಲೇ ಕಳಿಸಿ. ಜೇಡಿಮಣ್ಣೂ ಇದರಲ್ಲಿ ನೀರಿನ ಹಾಗೇ ಕಾಣುತ್ತದೆ. ಎಷ್ಟು ಇಂಚು ಅಂತ ಹೇಳುವುದಿಲ್ಲ. ಮೆತ್ತನೆ ಕಲ್ಲು ಎಲ್ಲಿ ಆಳಕ್ಕಿದೆ, ಬಂಡೆ ಎಲ್ಲಿ ಬಿರಿದಿದೆ, ಕರಿಕಲ್ಲಿನ ಗೋಡೆ ಎಲ್ಲಿ ಅಡ್ಡ ನಿಂತಿದೆ, ಇಷ್ಟು ಹೇಳುತ್ತದೆ. ನಮ್ಮ ಕೋಲಾರದ ಕಡೆ ಆ ಗೋಡೆಗಳು ಬೇಕಾದಷ್ಟಿವೆ. ಕೆಲವು ಕಡೆ ನೆಲದೊಳಗೇ ಕಟ್ಟೆ ಕಟ್ಟಿದ ಹಾಗೆ, ಈ ಪಕ್ಕ ನೀರು ನಿಂತರೆ ಆ ಪಕ್ಕ ಹುಡಿ.

ನಾಗರಾಜ್ (8:19)
ಎಷ್ಟು ಆಳ ಕಾಣುತ್ತದೆ? ಅದೊಂದು ಹೇಳು.

ಕಿರಣ್ (8:22)
ಗೆರೆ ಎಷ್ಟು ಉದ್ದವೋ ಅದರ ಐದನೇ ಒಂದು ಭಾಗ, ಹೆಚ್ಚುಕಡಿಮೆ. ನಮ್ಮಲ್ಲಿ ನೇರವಾಗಿರುವುದು ಮೇನ್ ರೋಡ್ ಒಂದೇ. ಟ್ಯಾಂಕಿನಿಂದ ಸ್ಕೂಲ್ ಕಾಂಪೌಂಡ್ ತನಕ 320 ಮೀಟರ್. ಹಾಗಾಗಿ 200 ಅಡಿ ಚಿಲ್ಲರೆ.

ನಾಗರಾಜ್ (8:23)
🤣🤣 ನಾವು 1,280 ಅಡಿ ಇಳಿದು ಬಂದಿದ್ದೇವೆ. ಇವನು 200 ಅಡಿ ತೋರಿಸುತ್ತಾನಂತೆ.

ವೆಂಕಟೇಶಪ್ಪ ಮೇಷ್ಟ್ರು (8:34)
ನಗಬೇಡ ನಾಗರಾಜ. ನಾನು ಹುಡುಗನಾಗಿದ್ದಾಗ ಈ ಜಾಗ ಕೆರೆ ಕೆಳಗಿನ ಗದ್ದೆ. ನಲವತ್ತು ಅಡಿ ಬಾವಿಯಲ್ಲಿ ಕಪಿಲೆ ಹೊಡೆಯುತ್ತಿದ್ದರು. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಬರಲು ಶುರುವಾಗಿ ಕೆರೆಗಳು ತುಂಬಿದ ಮೇಲೆ, ಕೆಳಗಿನ ತೋಟಗಳಲ್ಲಿ ನೀರಿನ ಮಟ್ಟ ಮೇಲೆ ಬಂದಿದೆ. ಮೇಲಿರುವುದನ್ನು ನೋಡದೆ ಪಾತಾಳಕ್ಕೆ ಯಾಕೆ ಹೋಗಬೇಕು? ಹುಡುಗ ಹೇಳುವುದರಲ್ಲಿ ಅರ್ಥ ಇದೆ.

ನಾಗರಾಜ್ (8:36)
ಮೇಷ್ಟ್ರೇ, ಅದು ಬೆಂಗಳೂರಿನ ಚರಂಡಿ ನೀರು. ಎರಡು ಹಂತ ಶುದ್ಧ ಮಾಡಿ ಬಿಡುತ್ತಾರೆ, ಮೂರನೇದು ಬೇಕು ಅಂತ ರೈತರು ಕೂಗಿ ಕೂಗಿ ಸಾಕಾಗಿದ್ದಾರೆ. ಅದನ್ನು ಕುಡಿಯುತ್ತೀರಾ?

ವೆಂಕಟೇಶಪ್ಪ ಮೇಷ್ಟ್ರು (8:41)
ಕುಡಿಯಲು ಅಂತ ಯಾರು ಹೇಳಿದರು? ಬಟ್ಟೆ, ಪಾತ್ರೆ, ಬಚ್ಚಲಿಗೆ. ನಿನ್ನ ಪಾತಾಳದ ನೀರಿನಲ್ಲಿ ಫ್ಲೋರೈಡ್ ಇದೆಯಲ್ಲ, ಅದೇನು ಅಮೃತವಾ?

(ನಾಗರಾಜ್ ಅವರಿಂದ ಏಳು ವಾಯ್ಸ್ ಮೆಸೇಜ್)

ಪದ್ಮಾ (9:12)
ಯಾರಾದರೂ ಕೇಳಿ ಎರಡು ಸಾಲಿನಲ್ಲಿ ಬರೆಯಿರಿ. ಆಫೀಸಿನಲ್ಲಿದ್ದೇನೆ.

ರಫೀಕ್ (9:14)
ಮೊದಲ ಮೂರು ಕೆ.ಸಿ. ವ್ಯಾಲಿ. ನಾಲ್ಕನೆಯದು ಹಳೇ ಕಮಿಟಿ. ಐದರಿಂದ ಏಳು ನೀವು.

ಕಿರಣ್ (1:05)
ಭಾನುವಾರ ಬೆಳಗ್ಗೆ 6ರಿಂದ 10. ನನ್ನ ಜೊತೆ ಓದಿದವರು ಕೇಬಲ್, ಪೆಟ್ಟಿಗೆ ತರುತ್ತಾರೆ. ಡೀಸೆಲ್, ಊಟ ಕೊಟ್ಟರೆ ಸಾಕು. ಐದು ಮೀಟರಿಗೊಂದು ಸಲಾಕೆ, ಅರವತ್ತು ಚಿಲ್ಲರೆ ಆಗುತ್ತದೆ. ಟಾರಿನ ಮೇಲೆ ಹೊಡೆಯಲಾಗದು, ಪಕ್ಕದ ಮಣ್ಣಿನಲ್ಲೇ ಆಗಬೇಕು. ಬಲಬದಿಯಲ್ಲಿ ಕಬ್ಬಿಣದ ನೀರಿನ ಪೈಪು, ಟ್ರಾನ್ಸ್‌ಫಾರ್ಮರ್ ಅರ್ಥಿಂಗ್ ಇದೆ. ಅಳತೆ ಕೆಡುತ್ತದೆ. ಅದಕ್ಕೇ ಎಡಬದಿ. ಮಣ್ಣು ಒಣಗಿದೆ, ಪ್ರತಿ ಸಲಾಕೆಯ ಬುಡಕ್ಕೆ ಉಪ್ಪುನೀರು ಹಾಕಬೇಕು. ಸುತ್ತಿಗೆ ಹಿಡಿಯಲು ನಾಲ್ಕು ಜನ ಬೇಕು. ಎಡಬದಿಯ ಕಾರುಗಳನ್ನು ಶನಿವಾರ ರಾತ್ರಿಯೇ ತೆಗೆಯಬೇಕು. ಬರುವವರು ಹೆಸರು ಹಾಕಿ.
1. ಕಿರಣ್

ರಫೀಕ್ (1:07)
ನೀರು ಹುಡುಕಲು ನೀರು ಬೇಕಾ? 😄
2. ರಫೀಕ್ (ಉಪ್ಪು ನನ್ನದು)

ವೆಂಕಟೇಶಪ್ಪ ಮೇಷ್ಟ್ರು (1:20)
3. ನಾನು. ಸುತ್ತಿಗೆ ಆಗದು. ಬರೆದುಕೊಳ್ಳುತ್ತೇನೆ.

ಶಿವಣ್ಣ (1:26)
ಕಾರು ತೆಗೆದು ಎಲ್ಲಿ ನಿಲ್ಲಿಸುವುದು?

ಪದ್ಮಾ (1:28)
ಅದನ್ನೇ ಕೇಳಬೇಕು ಅಂತಿದ್ದೆ. ಎಡಬದಿಯಲ್ಲಿ ನಿಲ್ಲಿಸುವವರಲ್ಲಿ ಅರ್ಧ ಜನ ನಮ್ಮ ಬಡಾವಣೆಯವರೇ ಅಲ್ಲ.

ಮಂಜುಳಾ (1:30)
ನಮ್ಮ ಗೇಟಿನ ಮುಂದೆ ಹದಿನೆಂಟು ದಿನದಿಂದ ಒಂದು ಬಿಳಿ ಕಾರು ನಿಂತಿದೆ. ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದರೆ ಆಟೋ ಮೂಲೆಯಲ್ಲೇ ನಿಲ್ಲುತ್ತದೆ. ಇದರ ಬಗ್ಗೆ ಯಾರಿಗೂ ಚಿಂತೆ ಇಲ್ಲ.

ಶಿವಣ್ಣ (1:33)
ರಸ್ತೆ ಯಾರ ತಾತನ ಆಸ್ತಿಯೂ ಅಲ್ಲ.

ಮಂಜುಳಾ (1:33)
ಹಾಗಾದರೆ ಕಾರು ನಿಮ್ಮದಾ?

ಶಿವಣ್ಣ (1:34)
ಜನರಲ್ ಆಗಿ ಹೇಳಿದೆ.

ನಾಗರಾಜ್ (1:52)
ನೋಡಿ, ಇದು ನಿಜವಾದ ಸಮಸ್ಯೆ. ನಾನು ಕಳೆದ ವರ್ಷದಿಂದ ಹೇಳುತ್ತಿದ್ದೇನೆ. ಪೋಲ್ ಹಾಕುತ್ತೇನೆ, ಎಲ್ಲರೂ ಓಟು ಹಾಕಿ.
ಮೇನ್ ರೋಡ್ ಪಾರ್ಕಿಂಗ್: ಎಡಬದಿ 14. ಬಲಬದಿ 9. ದಿನ ಬಿಟ್ಟು ದಿನ 18.

ಕಿರಣ್ (6:40)
ಭಾನುವಾರಕ್ಕೆ ಇನ್ನೂ ಮೂರೇ ಹೆಸರು ಇದೆ.

ನಾಗರಾಜ್ (6:44)
ಭಾನುವಾರ ಬೆಳಗ್ಗೆ ಪಾರ್ಕಿಂಗ್ ಮೀಟಿಂಗ್ ಇಟ್ಟಿದ್ದೇವೆ ಕಿರಣ್. ನಿನ್ನದು ಮುಂದಿನ ವಾರ ನೋಡೋಣ. ಕಾಫಿ ತಿಂಡಿ ನನ್ನ ಕಡೆಯಿಂದ.

ಶಾಂತಮ್ಮ (7:15)
ಗುಡಿ ಹಿಂದಿನ ತೂತಿನ ಮೇಲೆ ನಮ್ಮ ಒರಳುಕಲ್ಲು ಉರುಳಿಸಿ ಇಟ್ಟಿದ್ದೇವೆ. ಮೇಷ್ಟ್ರು ಮತ್ತು ನನ್ನ ಮೊಮ್ಮಗ.

ರಫೀಕ್ (9:40)
ಟ್ಯಾಂಕರ್ ಬಂದಿದೆ. ಮಂಜುಳಕ್ಕನ ಮನೆ ಮುಂದಿನ ಬಿಳಿ ಕಾರು ಅಡ್ಡ ಇದೆ, ತಿರುಗುತ್ತಿಲ್ಲ. ಡ್ರೈವರ್ ಹತ್ತು ನಿಮಿಷ ಕಾಯುತ್ತೇನೆ ಅಂದಿದ್ದಾನೆ. ಕಾರು ಯಾರದು? ನಂಬರ್ ಹಾಕಿ ಅಕ್ಕ.

ಮಂಜುಳಾ (9:43)
ನಂಬರ್ ಕಾಣುತ್ತಿಲ್ಲ. ಪ್ಲೇಟಿನ ಮೇಲೆಲ್ಲ ಬೋರಿನ ಹುಡಿ ಮೆತ್ತಿದೆ. ಒರೆಸೋಣ ಅಂದರೆ ನೀರಿಲ್ಲ.